ಸಿಟಿ ಕಾಂಟ್ರಾಕ್ಟ್ ಆಫೀಸ್ ಸೇರ್ತಿರೋ ಅಕ್ಕನ ಮಗಳಿಗೆ ಚಿಕ್ಕಮ್ಮನ ಪತ್ರ

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜ್ ನೋಡ್ದೆ ಕಣೇ, ಸಿಟಿಯ ಕಾಂಟ್ರಾಕ್ಟ್ ಕಂಪ್ಲಯನ್ಸ್ ಆಫೀಸಲ್ಲಿ, ಅಂದ್ರೆ ಕಾಂಟ್ರಾಕ್ಟರುಗಳು ಕೊಟ್ಟ ಮಾತು ಉಳಿಸ್ಕೊಂಡ್ರಾ ಅಂತ ನೋಡೋ ಆಫೀಸಲ್ಲಿ, ಕೆಲಸ ಸಿಕ್ಕಿದ್ದು ಕೇಳಿ ತುಂಬಾ ಖುಷಿ ಆಯ್ತು. ನಿಮ್ಮಮ್ಮ ಫೋನಲ್ಲಿ "ಅಲ್ವೇ, ಸಿವಿಲ್ ಇಂಜಿನಿಯರಿಂಗ್ ಓದ್ಸಿದ್ದು ಇವಳು ಅಮೆರಿಕದಲ್ಲಿ ಕೂತು ಬೇರೆಯವರ ಫಾರ್ಮ್ ಚೆಕ್ ಮಾಡ್ಲಿ ಅಂತಾನಾ" ಅಂತ ಗೊಣಗಿದ್ಲು, ನಾನೂ ರಿಟೈರ್ ಆಗೋವರ್ಗೂ ಅದೇ ಫಾರ್ಮ್ ನೋಡ್ಕೊಂಡು ಇದ್ದೆನಲ್ಲಕ್ಕ ಅಂದ್ಮೇಲೆ ಸುಮ್ನಾದ್ಲು. ನೀನು ಸೋಮವಾರ ಸೇರ್ಕೊಳೋಕೆ ಮುಂಚೆ ನಾಲ್ಕು ಮಾತು ಹೇಳ್ಬಿಡೋಣ ಅಂತ ಕೂತಿದೀನಿ, ಉದ್ದ ಆದ್ರೆ ಬೈಕೋಬೇಡ.

ಆಫೀಸಲ್ಲಿ ನಿಂಗೆ ಮೊದ್ಲು ತೋರ್ಸೋದು ಬಿಡ್ ಓಪನ್ ಆದ ದಿನದ ಪರ್ಸೆಂಟು. ಪ್ರೈಮ್ ಕಾಂಟ್ರಾಕ್ಟರ್, ಅಂದ್ರೆ ಸಿಟಿ ಜೊತೆ ನೇರ ಸಹಿ ಹಾಕೋ ಮುಖ್ಯ ಗುತ್ತಿಗೆದಾರ, ಒಂದು ಫಾರ್ಮಲ್ಲಿ ಇಂತಿಂಥಾ ಚಿಕ್ಕ ಕಂಪನಿಗೆ, ಹೆಂಗಸರ ಕಂಪನಿಗೆ, ಕಪ್ಪು ಜನಾಂಗದವರ ಕಂಪನಿಗೆ ಇಷ್ಟಿಷ್ಟು ಕೆಲಸ ಕೊಡ್ತೀನಿ ಅಂತ ಬರ್ದಿರ್ತಾನೆ (ಹೀಗೆ ಅವನ ಕೆಳಗೆ ಕೆಲಸ ತಗೊಳೋರೇ ಸಬ್ ಕಾಂಟ್ರಾಕ್ಟರು), ಕೂಡಿ ನೋಡಿದ್ರೆ ಸಿಟಿ ಇಟ್ಟ ಗುರಿಗಿಂತ ಅರ್ಧ ಪರ್ಸೆಂಟ್ ಜಾಸ್ತಿನೇ ಇರತ್ತೆ, ಕೌನ್ಸಿಲ್ ಮೀಟಿಂಗಲ್ಲಿ ಎಲ್ರೂ ಭೇಷ್ ಅಂತಾರೆ, ಫೈಲು ಬೀರು ಸೇರತ್ತೆ. ಅಸಲಿ ಕೆಲಸ ಅಲ್ಲಿಂದ ಶುರು. ಕಟ್ಟಡ ಅರ್ಧಕ್ಕೆ ಬಂದಾಗ ಹೋಗಿ ನೋಡಿದ್ರೆ ಪಟ್ಟಿಲಿದ್ದ ಪೇಂಟಿಂಗ್ ಕಂಪನಿ ಇರಲ್ಲ, ಕೇಳಿದ್ರೆ ಅವ್ರ ಹತ್ರ ಜನ ಇರ್ಲಿಲ್ಲ ಅಂತಾನೆ. ಚೇಂಜ್ ಆರ್ಡರ್ (ಸಹಿ ಆದ್ಮೇಲೆ ಕೆಲಸ ಬದಲಾಯ್ಸೋ, ಸೇರ್ಸೋ ಆದೇಶ) ಮೇಲೆ ಚೇಂಜ್ ಆರ್ಡರ್ ಬಂದು ಕಾಂಟ್ರಾಕ್ಟ್ ಮೊತ್ತ ಊದ್ಕೊಂಡಿರತ್ತೆ, ಆ ಹೆಚ್ಚಿನ ಕೆಲಸ ಪೂರ್ತಿ ಪ್ರೈಮ್ ತಾನೇ ಇಟ್ಕೊಂಡಿರ್ತಾನೆ, ಹಾಗಾಗಿ ಸಬ್‌ಗೆ ಹೇಳಿದಷ್ಟು ಡಾಲರ್ ಕೊಟ್ರೂ ಪರ್ಸೆಂಟ್ ಇಳಿದು ಹೋಗಿರತ್ತೆ, ಯಾರೂ ಸುಳ್ಳು ಹೇಳಿರಲ್ಲ, ಆದ್ರೂ ಹೇಳಿದ್ದೊಂದು ಆಗಿದ್ದೊಂದು. ಅದಕ್ಕೇ ಹೇಳ್ತಿರೋದು, ಕೊಟ್ಟ ಮಾತು ಬಿಡು, ಕೊಟ್ಟ ಚೆಕ್ ಹುಡುಕು.

ಒಂದು ಪರ್ಸೆಂಟಿಗೆ ಇಷ್ಟೊಂದು ವಕೀಲರು ಯಾಕಪ್ಪಾ ಅಂತ ನಿಂಗೆ ಅನ್ಸತ್ತೆ. ವರ್ಜೀನಿಯಾದ ರಿಚ್ಮಂಡ್ ಕೇಸ್ ಓದು, ಸಾರಾಂಶ ಓದ್ಬೇಡ, ತೀರ್ಪನ್ನೇ ಓದು. ಊರಲ್ಲಿ ಸುಮಾರು ಅರ್ಧ ಜನ ಕಪ್ಪು ಜನಾಂಗದವರು, ಆದ್ರೆ ಸಿಟಿ ಐದು ವರ್ಷದಲ್ಲಿ ಕೊಟ್ಟ ಮುಖ್ಯ ಕಟ್ಟಡ ಕಾಂಟ್ರಾಕ್ಟುಗಳಲ್ಲಿ ಅಲ್ಪಸಂಖ್ಯಾತರ ಕಂಪನಿಗಳಿಗೆ ಸಿಕ್ಕಿದ್ದು 0.67 ಪರ್ಸೆಂಟ್, ಒಂದು ಪರ್ಸೆಂಟೂ ಇಲ್ಲ ನೋಡು. 1983ರಲ್ಲಿ ಕೌನ್ಸಿಲ್ ನಿಯಮ ಮಾಡ್ತು, ಪ್ರೈಮ್ ಆದವನು 30 ಪರ್ಸೆಂಟ್ ಆದ್ರೂ ಅಂಥಾ ಸಬ್‌ಗಳಿಗೆ ಕೊಡ್ಬೇಕು ಅಂತ. ಜಗಳ ಶುರುವಾಗಿದ್ದು ಸಿಟಿ ಜೈಲಿಗೆ ಸ್ಟೀಲ್ ಟಾಯ್ಲೆಟ್ ಹಾಕೋ ಟೆಂಡರಿಂದ ಕಣೇ! ಬಿಡ್ ಹಾಕಿದ್ದು ಕ್ರೋಸನ್ ಅನ್ನೋ ಒಂದೇ ಕಂಪನಿ, ಅಲ್ಪಸಂಖ್ಯಾತ ಸಪ್ಲೈಯರ್ ಕೊಟ್ಟ ಕೋಟ್ ತಡವಾಗಿ ಬಂತು, ಅದನ್ನ ಹಾಕಿದ್ರೆ 7,600 ಚಿಲ್ಲರೆ ಡಾಲರ್ ಜಾಸ್ತಿ, ಕ್ರೋಸನ್ ವಿನಾಯಿತಿ ಕೇಳ್ತು, ಸಿಟಿ ಕೊಡ್ಲಿಲ್ಲ, ಕೇಸು ಸುಪ್ರೀಂ ಕೋರ್ಟ್ ತನಕ ಹೋಯ್ತು, 1989ರಲ್ಲಿ 6-3ರಲ್ಲಿ ಸಿಟಿ ಸೋಲ್ತು. ಊರ ಜನಸಂಖ್ಯೆ ಜೊತೆ ಹೋಲಿಸಿದ್ರೆ ಸಾಲದು, ಆ ಕೆಲಸ ಮಾಡೋ ತಾಕತ್ತಿರೋ ಕಂಪನಿ ಎಷ್ಟಿವೆ, ಅವಕ್ಕೆ ಎಷ್ಟು ಸಿಕ್ಕಿದೆ, ಅದನ್ನ ತೋರ್ಸಿ ಅಂತು ಕೋರ್ಟು. ಸಿಟಿಯ ಪಟ್ಟಿಲಿ ದೂರದ ಅಲಾಸ್ಕಾ ಕಡೆಯ ಎಸ್ಕಿಮೋ, ಅಲ್ಯೂಟ್ ಜನರ ಹೆಸರೂ ಇತ್ತು, ರಿಚ್ಮಂಡಲ್ಲಿ ಯಾವತ್ತಾದ್ರೂ ಒಬ್ಬ ಅಲ್ಯೂಟ್ ಇದ್ದನಾ ಅಂತ ಜಸ್ಟಿಸ್ ಓಕಾನರ್ ತೀರ್ಪಲ್ಲೇ ಕುಟುಕಿದ್ರು. ಹೋಮ್‌ವರ್ಕ್ ಮಾಡ್ದೆ ನಿಯಮ ಬರ್ದ್ರೆ ಹೀಗೇ. ಅಲ್ಲಿಂದಾಚೆಗೆ ಸಿಟಿಗಳು ಕನ್ಸಲ್ಟೆಂಟ್‌ಗಳಿಗೆ ದುಡ್ಡು ಸುರಿದು ಡಿಸ್ಪ್ಯಾರಿಟಿ ಸ್ಟಡಿ, ಅಂದ್ರೆ ಈ ಲೆಕ್ಕ ತೋರ್ಸೋ ಅಧ್ಯಯನ, ಮಾಡ್ಸೋಕೆ ಶುರು ಮಾಡಿದ್ದು, ನಿನ್ನ ಸಿಟಿದೂ ಒಂದು ಇದ್ರೆ ಮೊದಲ ವಾರನೇ ಓದಿ ಮುಗ್ಸು, ಅದರಲ್ಲೂ ಕೊನೆಲಿ ಚಿಕ್ಕ ಕಂಪನಿಯವರು ತಮ್ಮ ಬಾಯಲ್ಲೇ ಹೇಳಿರೋ ಭಾಗ.

ಗೆದ್ದ ಕಥೆನೂ ಇದೆ. ಅಟ್ಲಾಂಟಾಗೆ 1974ರಲ್ಲಿ ಮೇನಾರ್ಡ್ ಜಾಕ್ಸನ್ ಮೇಯರ್ ಆದಾಗ ಅಲ್ಲಿ ಅಲ್ಪಸಂಖ್ಯಾತರಿಗೆ ಸಿಗ್ತಿದ್ದ ಸಿಟಿ ಕಾಂಟ್ರಾಕ್ಟು ಒಂದು ಪರ್ಸೆಂಟೂ ಇರ್ಲಿಲ್ಲ. ಆತ ಏರ್‌ಪೋರ್ಟ್ ವಿಸ್ತರಣೆ ಕೆಲಸನ ಮುಂದಿಟ್ಕೊಂಡು, ದೊಡ್ಡ ಕಂಪನಿಗಳು ಕಪ್ಪು ಜನಾಂಗದವರ ಕಂಪನಿ ಜೊತೆ ಜಾಯಿಂಟ್ ವೆಂಚರ್ ಮಾಡ್ಕೊಂಡು ಬನ್ನಿ ಅಂತ ಪಟ್ಟು ಹಿಡಿದ್ರು, ಗಲಾಟೆ ಏನು ಕಮ್ಮಿ ಆಗ್ಲಿಲ್ಲ, ಆದ್ರೆ 1980ರಲ್ಲಿ ಹೊಸ ಟರ್ಮಿನಲ್ ಓಪನ್ ಆಗೋ ಹೊತ್ತಿಗೆ ಕಾಲು ಭಾಗದಷ್ಟು ಕೆಲಸ ಅವ್ರ ಕೈಗೆ ಹೋಗಿತ್ತು. ಕೆಲಸ ಕೊಡೋಕೆ ಮುಂಚೆ ಕಾಂಟ್ರಾಕ್ಟರ್ ಜುಟ್ಟು ಸಿಟಿ ಕೈಲಿರತ್ತೆ, ಸಹಿ ಆದ್ಮೇಲೆ ನಮ್ಮ ಜುಟ್ಟು ಅವನ ಕೈಲಿ. ಆಮೇಲೂ ನಿನ್ನ ಹಿಡಿತದಲ್ಲಿ ಉಳಿಯೋದು ಒಂದೇ, ಅವನು ತಿಂಗಳು ತಿಂಗಳು ಕಳ್ಸೋ ಬಿಲ್ಲು. ಹೋದ ಬಿಲ್ಲಲ್ಲಿ ಸಬ್‌ಗೆ ಎಷ್ಟು ಕೊಟ್ಟೆ ಅನ್ನೋದನ್ನ ಸಬ್ಬೇ ಒಪ್ಕೊಳೋವರ್ಗೂ ಈ ಬಿಲ್ಲು ಮುಂದೆ ಹೋಗಲ್ಲ ಅಂತ ನಿನ್ನ ಸಿಟಿಲಿ ನಿಯಮ ಇದೆಯಾ ನೋಡು, ಇದ್ರೆ ಗಟ್ಟಿಯಾಗಿ ಹಿಡ್ಕೋ, ಇಲ್ದಿದ್ರೆ ತರ್ಸೋಕೆ ಬಾಸ್ ತಲೆ ತಿನ್ನು.

ಚಿಕ್ಕ ಕಂಪನಿ ಮುಳುಗೋದು ಕೆಲಸ ಸಿಗ್ದೆ ಅಷ್ಟೇ ಅಲ್ಲ ಪುಟ್ಟಿ, ಕೆಲಸ ಸಿಕ್ಕಿ ಮುಳುಗೋರೂ ಬೇಕಾದಷ್ಟು ಜನ. ಅಗೆತದ ಕೆಲಸ ಮಾಡೋ ಸಬ್ ಒಬ್ಬ ಇದಾನೆ ಅಂದ್ಕೋ, ಮೂರು ತಿಂಗಳಲ್ಲಿ ಮಣ್ಣು ತೆಗ್ದು ಹೋಗ್ಬಿಡ್ತಾನೆ, ಅವನ ಪ್ರತಿ ಬಿಲ್ಲಲ್ಲೂ 5 ಪರ್ಸೆಂಟೋ 10 ಪರ್ಸೆಂಟೋ ರಿಟೇನೇಜ್ ಅಂತ ಹಿಡ್ಕೊಂಡಿರ್ತಾರೆ, ಆ ದುಡ್ಡು ವಾಪಸ್ ಬರೋದು ಕಟ್ಟಡ ಪೂರ್ತಿ ಮುಗ್ದಾಗ, ಅಂದ್ರೆ ಎರಡು ವರ್ಷ ಆದ್ಮೇಲೆ, ಯಾರೋ ಹಾಕಿದ ಲಿಫ್ಟ್ ಸರಿಯಾಗಿ ಓಡ್ತಿಲ್ಲ ಅಂತ ಇವನ ದುಡ್ಡು ನಿಂತಿರತ್ತೆ. ಈ ಕೆಲಸದಲ್ಲಿ ಎಷ್ಟೋ ಸಲ ಲಾಭನೇ ಅಷ್ಟಿರಲ್ಲ! ಅಷ್ಟ್ರೊಳಗೆ ಕೂಲಿ ಮಾತ್ರ ವಾರ ವಾರ ಕೊಡ್ಲೇಬೇಕು. ಬಾಂಡ್ ಕಥೆ ಇನ್ನೊಂದು, ಸರ್ಕಾರಿ ಕೆಲಸಕ್ಕೆ ಪರ್ಫಾರ್ಮೆನ್ಸ್ ಬಾಂಡ್, ಪೇಮೆಂಟ್ ಬಾಂಡ್ ಬೇಕು, ಅಂದ್ರೆ ಕೆಲಸ ಮುಗಿಸ್ತಾನೆ, ಕೆಳಗಿನವರಿಗೆ ದುಡ್ಡು ಕೊಡ್ತಾನೆ ಅನ್ನೋ ಗ್ಯಾರಂಟಿ, ಬಾಂಡ್ ಕೊಡೋ ಕಂಪನಿ ಹಿಂದೆ ಎಷ್ಟು ದೊಡ್ಡ ಕೆಲಸ ಮಾಡಿದೀಯ, ಬ್ಯಾಂಕಲ್ಲಿ ಎಷ್ಟಿದೆ ಅಂತ ಕೇಳತ್ತೆ, ದೊಡ್ಡ ಕೆಲಸ ಸಿಕ್ಕಿರೋನಿಗೇ ದೊಡ್ಡ ಕೆಲಸ. ಅಪ್ಪನ ಕಾಲದಿಂದ ಆಸ್ತಿ ಇರೋನಿಗೂ ಮೊನ್ನೆ ಶುರು ಮಾಡಿದೋನಿಗೂ ಅಲ್ಲೇ ಗೆರೆ ಬೀಳತ್ತೆ. ಕೆಲಸನ ಚಿಕ್ಕ ಚಿಕ್ಕ ಪ್ಯಾಕೇಜ್ ಮಾಡಿ ಟೆಂಡರ್ ಕರೆಯೋದು, ಸಬ್ ಕೆಲಸ ಮುಗ್ದ ಕೂಡ್ಲೇ ಅವನ ರಿಟೇನೇಜ್ ಬಿಡ್ಸೋದು, ಇವೆರಡಕ್ಕೆ ಯಾವ ಕೋರ್ಟೂ ಅಡ್ಡ ಬರಲ್ಲ.

ಇನ್ನು ಮೋಸದ ವಿಷಯ. ಸೈಟಿಗೆ ಹೋದಾಗ ಟ್ರಕ್ ಬಾಗಿಲು ನೋಡು. ಕಂಪನಿ ಹೆಸರಿರೋ ಬೋರ್ಡು ಮ್ಯಾಗ್ನೆಟ್ಟಾ, ಉಗುರು ಹಾಕಿದ್ರೆ ಎದ್ದು ಬರತ್ತಾ, ಅದರ ಕೆಳಗೆ ಬೇರೆ ಹೆಸರಿದೆಯಾ. ತಮಾಷೆ ಅಲ್ಲ ಕಣೇ, ಪೆನ್ಸಿಲ್ವೇನಿಯಾದಲ್ಲಿ ಸೇತುವೆಗೆ ಕಾಂಕ್ರೀಟ್ ಬೀಮ್ ಮಾಡೋ ಒಂದು ಕಂಪನಿ ಹೀಗೇ ಅಲ್ಪಸಂಖ್ಯಾತರ ಕಂಪನಿಯೊಂದನ್ನ ಮುಂದೆ ನಿಲ್ಸಿ 15 ವರ್ಷ ಕೆಲಸ ಹೊಡ್ಕೊಂಡಿತ್ತು, 13 ಕೋಟಿ ಡಾಲರ್ ಮೇಲಿನ ಕಾಂಟ್ರಾಕ್ಟು, ಕೊನೆಗೆ ಜೈಲು. ನಿಯಮದಲ್ಲಿ ಮಾಲೀಕತ್ವ 51 ಪರ್ಸೆಂಟ್ ಅಂತಿರತ್ತೆ, ಅದು ಕಾಗದ, ಕೆಲಸದವರನ್ನ ಯಾರು ಸೇರ್ಸಿದ್ರು, ಎಸ್ಟಿಮೇಟ್ ಯಾರು ಹಾಕಿದ್ರು, ಚೆಕ್ಕಿಗೆ ಸಹಿ ಯಾರ್ದು, ಅದನ್ನ ಕೇಳು.

ಇದೇ ನೆಪದಲ್ಲಿ ಒಂದು ಮಾತು. ಎಸ್‌ಬಿಎ ಅನ್ನೋ ಫೆಡರಲ್ ಸಣ್ಣ ಉದ್ಯಮ ಇಲಾಖೆ ಭಾರತದಿಂದ ಬಂದೋರನ್ನೂ ತನ್ನ ಹಿಂದುಳಿದವರ ಪಟ್ಟಿಗೆ ಸೇರ್ಸಿದ್ದು 1982ರಲ್ಲಿ, ಆಮೇಲೆ ನಮ್ಮೋರಲ್ಲೂ ಇದರಿಂದ ಮೇಲೆ ಬಂದೋರು ಇದಾರೆ, ನ್ಯಾಯವಾಗೇ ಬಂದೋರು. ಆದ್ರೆ ನೀನು ಈ ಆಫೀಸಲ್ಲಿದೀಯ ಅಂತ ಗೊತ್ತಾದ ತಕ್ಷಣ ಯುಗಾದಿ ಫಂಕ್ಷನಲ್ಲಿ ಯಾರಾದ್ರೂ ಒಬ್ಬ ಅಂಕಲ್ ಪಕ್ಕಕ್ಕೆ ಕರ್ದು, ಹೆಂಡ್ತಿ ಹೆಸರಲ್ಲಿ 51 ಪರ್ಸೆಂಟ್ ಬರೆದ್ರೆ ಆಗತ್ತೇನಮ್ಮ ಅಂತ ಕೇಳೇ ಕೇಳ್ತಾರೆ. ಆಂಟಿಗೆ ಕಾಂಕ್ರೀಟ್ ಬಗ್ಗೆ ಎಷ್ಟು ಗೊತ್ತು ಅಂಕಲ್ ಅಂತ ನಗ್ತಾ ಕೇಳು, ಸಾಕು. ನಮ್ಮೋರು ಅಂತ ಫೈಲ್ ಬೇಗ ಸರಿಸೋ ಕೆಲಸ ಮಾತ್ರ ಕನಸಲ್ಲೂ ಬೇಡ.

ಕೂಲಿ ಕೆಲಸದವರ ಲೆಕ್ಕ ಬೇರೆ, ಅದು ಡಾಲರಲ್ಲ, ಗಂಟೆ. 1978ರಲ್ಲಿ ಫೆಡರಲ್ ದುಡ್ಡಿನ ಕಟ್ಟಡ ಕೆಲಸದಲ್ಲಿ ಹೆಂಗಸರಿಗೆ 6.9 ಪರ್ಸೆಂಟ್ ಗಂಟೆ ಅಂತ ಗುರಿ ಇಟ್ಟಿದ್ದು, ಇಷ್ಟು ವರ್ಷ ಆದ್ರೂ ಕೈಯಲ್ಲಿ ಟೂಲ್ ಹಿಡಿಯೋ ಕೆಲಸದಲ್ಲಿ ಹೆಂಗಸರು 4 ಪರ್ಸೆಂಟ್ ಆಸುಪಾಸಲ್ಲೇ ಇದಾರೆ. ಸರ್ಟಿಫೈಡ್ ಪೇರೋಲ್, ಅಂದ್ರೆ ಯಾರು ಎಷ್ಟು ಗಂಟೆ ದುಡಿದ್ರು, ಎಷ್ಟು ಕೂಲಿ ಅಂತ ಕಾಂಟ್ರಾಕ್ಟರ್ ಸಹಿ ಮಾಡಿದ ಪಟ್ಟಿ, ವಾರ ವಾರ ಬರತ್ತೆ, ಅದನ್ನ ಎಣಿಸೋಕೆ ಸಾಫ್ಟ್‌ವೇರ್ ಇದೆ, ನೀನು ಹೆಸರು ಓದು. ಈ ಪ್ರಾಜೆಕ್ಟಲ್ಲಿ ಬುಧವಾರ ಇದ್ದ ಇಬ್ರು ಹೆಂಗಸರೇ ಶುಕ್ರವಾರ ಇನ್ನೊಂದು ಸಿಟಿ ಪ್ರಾಜೆಕ್ಟಲ್ಲಿ ಕಾಣ್ತಾರಾ? ಹಾಗಿದ್ರೆ ಕಾಂಟ್ರಾಕ್ಟರ್ ಹೊಸಬ್ರನ್ನ ಸೇರ್ಸಿಲ್ಲ, ಇದ್ದೋರನ್ನೇ ಚದುರಂಗದ ಕಾಯಿ ಥರ ಅತ್ತಿಂದಿತ್ತ ಓಡಿಸ್ತಿದಾನೆ. ಪೊರಕೆ ಹಿಡಿಯೋ ಕೆಲಸದಲ್ಲಿ ಎಷ್ಟು ಗಂಟೆ, ಎಲೆಕ್ಟ್ರಿಷಿಯನ್, ಪೈಪ್ ಫಿಟ್ಟರ್ ಕೆಲಸದಲ್ಲಿ ಎಷ್ಟು ಗಂಟೆ ಅಂತ ಬೇರೆ ಬೇರೆ ಮಾಡಿ ನೋಡು, ಒಟ್ಟು ಸಂಖ್ಯೆ ಚೆನ್ನಾಗಿದ್ರೂ ಒಳಗೆ ಪೊಳ್ಳಾಗಿರತ್ತೆ. ಅಪ್ರೆಂಟಿಸ್ ಆಗಿ ಸೇರಿದ ಹುಡುಗಿ ನಾಲ್ಕೈದು ವರ್ಷ ನಿಂತ್ರೆ ತಾನೇ ಪೂರ್ತಿ ಸಂಬಳ, ಬೆಳಗ್ಗೆ ಆರಕ್ಕೆ ಸೈಟಲ್ಲಿರ್ಬೇಕು, ಆ ಹೊತ್ತಿಗೆ ಮಗು ನೋಡ್ಕೊಳೋ ಡೇಕೇರ್ ಬಾಗಿಲೇ ತೆಗೆದಿರಲ್ಲ, ಬೀಗ ಇರೋ ಟಾಯ್ಲೆಟ್ ಇರಲ್ಲ, ಹೀಗಾದ್ರೆ ಎರಡನೇ ವರ್ಷಕ್ಕೇ ಬಿಟ್ಟು ಹೋಗ್ತಾಳೆ. ಎಷ್ಟು ಜನ ಸೇರಿದ್ರು ಅನ್ನೋದು ಎಲ್ಲಾ ರಿಪೋರ್ಟಲ್ಲೂ ಇರತ್ತೆ, ಎಷ್ಟು ಜನ ಮುಗಿಸಿದ್ರು ಅನ್ನೋದನ್ನ ನೀನು ಕೇಳಿ ತಗೋ.

ಈಗ ಕಾಲ ಬದಲಾಗಿದೆ ಅಂತ ನಿಂಗೂ ಗೊತ್ತು. ಫೆಡರಲ್ ಕಾಂಟ್ರಾಕ್ಟರುಗಳು ಕೆಲಸಕ್ಕೆ ಸೇರ್ಸೋವಾಗ ಭೇದ ಮಾಡಬಾರದು, ಎಲ್ರಿಗೂ ಅವಕಾಶ ಸಿಗೋ ಹಾಗೆ ನೋಡ್ಕೋಬೇಕು ಅಂತಿದ್ದ 1965ರ ಪ್ರೆಸಿಡೆಂಟ್ ಆದೇಶ, 11246 ಆರ್ಡರ್‌ನ 2025ರ ಜನವರಿಲಿ ತೆಗ್ದು ಹಾಕಿದ್ರು, ಅಕ್ಟೋಬರಲ್ಲಿ ಟ್ರಾನ್ಸ್‌ಪೋರ್ಟೇಶನ್ ಇಲಾಖೆ ಡಿಬಿಇ (ಹಿಂದುಳಿದವರ ಕಂಪನಿಗಳಿಗೆ ಕೆಲಸ ಕೊಡ್ಸೋ) ನಿಯಮದಲ್ಲಿ ಜನಾಂಗ, ಹೆಣ್ಣು ಅನ್ನೋ ಕಾರಣಕ್ಕೇ ಹಿಂದುಳಿದವರು ಅಂತ ಭಾವಿಸೋದನ್ನ ನಿಲ್ಲಿಸ್ತು. ಆಫೀಸಲ್ಲಿ ಕೆಲವರು ಮುಖ ಸಪ್ಪೆ ಮಾಡ್ಕೊಂಡು ಇನ್ನೇನು ಮಾಡೋಕಾಗತ್ತೆ ಅಂತಾರೆ, ನೀನು ಆ ಗುಂಪಿಗೆ ಸೇರ್ಬೇಡ. ವಾಷಿಂಗ್ಟನ್ ರಾಜ್ಯದಲ್ಲಿ 1998ರಲ್ಲೇ ಜನಾಂಗ ನೋಡಿ ಆದ್ಯತೆ ಕೊಡೋ ಹಾಗಿಲ್ಲ ಅಂತ ವೋಟ್ ಹಾಕಿ ಮುಗ್ಸಿದ್ರು, ಆದ್ರೂ ಸಿಯಾಟಲ್ 2015ರಲ್ಲಿ ಪ್ರಯಾರಿಟಿ ಹೈರ್ ಅಂತ ತಂತು, 50 ಲಕ್ಷ ಡಾಲರ್ ಮೇಲಿನ ಸಿಟಿ ಕಾಮಗಾರಿಲಿ ಬಡತನ ಜಾಸ್ತಿ ಇರೋ ಜಿಪ್ ಕೋಡಿನ ಜನರಿಗೆ ಇಂತಿಷ್ಟು ಗಂಟೆ ಕೆಲಸ ಅಂತ. ಕಾನೂನು ಬಾಗಿಲು ಹಾಕಿದ ಕಡೆ ಕಿತ್ತಾಡ್ಬೇಡ, ಲಾ ಡಿಪಾರ್ಟ್ಮೆಂಟಿನವರನ್ನ ಕಾಫಿಗೆ ಕರ್ಕೊಂಡು ಹೋಗಿ ಯಾವ ಬಾಗಿಲು ತೆರೆದಿದೆ ಅಂತ ಕೇಳು, ಅವ್ರು ಕೇಳ್ದೇ ಇದ್ರೆ ಹೇಳಲ್ಲ, ಅವ್ರ ಸ್ವಭಾವನೇ ಹಾಗೆ.

ಸಬ್ ಕಂಪನಿಗಳ ಮಾಲೀಕರಿಗಿಂತ ಅವ್ರ ಲೆಕ್ಕ ಬರೆಯೋರ ನಂಬರ್ ಇಟ್ಕೋ. ಮಾಲೀಕ ಮುಂದಿನ ಕೆಲಸದ ಆಸೆಗೆ ಪ್ರೈಮ್ ಮೇಲೆ ದೂರು ಹೇಳಲ್ಲ, ಎಲ್ಲಾ ಚೆನ್ನಾಗಿದೆ ಅಂತಾನೆ, ಲೆಕ್ಕ ಬರೆಯೋಳು ಮಾತ್ರ ಯಾವ ಬಿಲ್ಲಿಗೆ ಎಷ್ಟು ದಿನ ಆಯ್ತು ಅಂತ ಬಾಯಲ್ಲೇ ಹೇಳ್ತಾಳೆ. ನಿನ್ನ ಸಿಟಿ ಆರ್ಡಿನೆನ್ಸಿನ ಪಿಡಿಎಫ್ ಕಳ್ಸು, ಪಟ್ಟಿಲಿರೋ ಸಬ್‌ನ ಬದಲಾಯ್ಸೋಕೆ ಯಾರ ಪರ್ಮಿಶನ್ ಬೇಕು ಅನ್ನೋ ಸೆಕ್ಷನ್ ನೋಡಿ ಭಾನುವಾರ ಫೋನ್ ಮಾಡ್ತೀನಿ. ಸೈಟಿಗೆ ಹೋಗೋಕೆ ಶೂ ಆಫೀಸಿನವ್ರು ಕೊಡೋವರ್ಗೂ ಕಾಯ್ಬೇಡ, ನಿನ್ನ ಸೈಜ್ ಅವ್ರ ಸ್ಟೋರಲ್ಲಿ ಇರಲ್ಲ.

ಇಂತಿ ನಿನ್ನ
ಚಿಕ್ಕಮ್ಮ