ಆರೈಕೆಯ ಯೋಜನೆ ಕಡತಕ್ಕಷ್ಟೇ ಸೀಮಿತವಾಗದಿರಲಿ

ಮಾನ್ಯ ಸಂಪಾದಕರೇ,

ಶುಶ್ರೂಷಕಿಯರು ರೋಗಿಗಳತ್ತ ಗಮನ ಕೊಡುವುದಿಲ್ಲವೆಂಬ ದೂರು ಪದೇ ಪದೇ ಕೇಳಿಬರುತ್ತದೆ. ಶುಶ್ರೂಷಾ ಶಿಕ್ಷಣದಲ್ಲಿ ಬಹುಕಾಲ ದುಡಿದವಳಾಗಿ, ಈ ದೂರಿನ ಹಿಂದಿರುವ ಕಾರಣಗಳನ್ನು ಓದುಗರ ಮುಂದಿಡಬಯಸುತ್ತೇನೆ.

ರೋಗಿಯ ಸ್ಥಿತಿಯನ್ನು ಪರಿಶೀಲಿಸುವುದು, ತೊಂದರೆಯನ್ನು ಗುರುತಿಸುವುದು, ಆರೈಕೆಯ ಯೋಜನೆ ಹಾಕುವುದು, ಅದನ್ನು ನಡೆಸುವುದು, ಫಲ ಸಿಕ್ಕಿತೇ ಎಂದು ಮತ್ತೆ ನೋಡುವುದು: ಈ ಐದು ಹಂತಗಳ ‘ನರ್ಸಿಂಗ್ ಪ್ರೋಸೆಸ್’ ಅನ್ನು ಬಿ.ಎಸ್ಸಿ. ನರ್ಸಿಂಗ್ ಪದವಿ ಮತ್ತು ಜಿ.ಎನ್.ಎಂ. ಡಿಪ್ಲೊಮಾ ವಿದ್ಯಾರ್ಥಿಗಳೆಲ್ಲರೂ ಕಲಿಯುತ್ತಾರೆ. ವಾರ್ಡಿಗೆ ಬಂದ ಮೇಲೆ ಮೊದಲು ಬಿಟ್ಟುಹೋಗುವುದು ಕೊನೆಯ ಹಂತ.

ಪಾರ್ಶ್ವವಾಯು ಬಡಿದು ಮಲಗಿದ ರೋಗಿಯನ್ನೇ ನೋಡಿ. ಒಂದೇ ಮಗ್ಗುಲಲ್ಲಿ ಮಲಗಿದ್ದು ಚರ್ಮ ಒತ್ತಿ ಆಗುವ ಹಾಸಿಗೆ ಹುಣ್ಣಿನ ಅಪಾಯವನ್ನು ಅಳೆಯಲು 6ರಿಂದ 23 ಅಂಕಗಳ ಬ್ರೇಡನ್ ಮಾಪಕವಿದೆ. ಅಂಕ ಇಳಿದಷ್ಟೂ ಅಪಾಯ ಹೆಚ್ಚು. ದಾಖಲಾದ ದಿನ ಅಂಕ ಬರೆದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ನಮೂದಿಸುತ್ತಾರೆ. ಆದರೆ ಬೆನ್ನಿನ ಕೆಳಭಾಗದಲ್ಲೋ ಹಿಮ್ಮಡಿಯಲ್ಲೋ ಚರ್ಮ ಕೆಂಪಾಗಿದೆಯೇ, ಬೆರಳಿನಿಂದ ಒತ್ತಿದಾಗ ಆ ಕೆಂಪು ಮಾಯವಾಗದೆ ಹಾಗೆಯೇ ಉಳಿಯುತ್ತದೆಯೇ ಎಂಬುದನ್ನು ಪ್ರತಿ ಪಾಳಿಯಲ್ಲೂ ನೋಡಿ, ಉಳಿದರೆ ಯೋಜನೆಯನ್ನೇ ಬದಲಿಸಬೇಕು. ಅದಕ್ಕೆ ಬಿಡುವಿಲ್ಲದ ಕಡೆ ನಿನ್ನೆಯ ಯೋಜನೆಯನ್ನೇ ಇಂದಿಗೂ ನಕಲು ಮಾಡಲಾಗುತ್ತದೆ, ಹುಣ್ಣು ಮಾತ್ರ ಆಳವಾಗುತ್ತಾ ಹೋಗುತ್ತದೆ.

ಇದನ್ನು ಸೋಮಾರಿತನವೆಂದು ತೀರ್ಮಾನಿಸುವುದು ಅನ್ಯಾಯ. ಸಾಮಾನ್ಯ ವಾರ್ಡಿನಲ್ಲಿ ಬೋಧನಾ ಆಸ್ಪತ್ರೆಯಾದರೆ ಮೂವರು, ಇತರ ಆಸ್ಪತ್ರೆಯಾದರೆ ಐವರು ರೋಗಿಗಳಿಗೆ ಒಬ್ಬ ಶುಶ್ರೂಷಕಿ ಇರಬೇಕೆಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡನ್ನು ಒಬ್ಬರೋ ಇಬ್ಬರೋ ನೋಡಿಕೊಳ್ಳುವುದನ್ನು ಒಳರೋಗಿಯಾಗಿದ್ದವರೆಲ್ಲ ಬಲ್ಲರು. ಇದರ ಮೇಲೆ ಔಷಧಿಯ ಇಂಡೆಂಟ್ (ಬೇಡಿಕೆ ಪಟ್ಟಿ), ಸ್ಟಾಕ್ ಲೆಕ್ಕ, ವಿಮೆಯ ಕಡತ, ಲ್ಯಾಬ್ ವರದಿಗಳ ಬೆನ್ನುಹತ್ತುವಿಕೆ ಕೂಡ ಅವರ ಪಾಲಿಗೇ ಬರುತ್ತವೆ. ಇನ್ನು ತಾನು ಗಮನಿಸಿ ಬರೆದದ್ದನ್ನು ವೈದ್ಯರು ರೌಂಡ್ಸಿನಲ್ಲಿ ಓದುವುದೇ ಇಲ್ಲವೆಂದು ಮನವರಿಕೆಯಾದ ಶುಶ್ರೂಷಕಿ, ಎಷ್ಟೇ ಜಾಣೆಯಾದರೂ, ಬರೆಯುವ ಆಸಕ್ತಿಯನ್ನು ಎಷ್ಟು ಕಾಲ ಉಳಿಸಿಕೊಂಡಾಳು? ನನ್ನ ದೃಷ್ಟಿಯಲ್ಲಿ ಸಿಬ್ಬಂದಿಯ ಕೊರತೆಯಷ್ಟೇ ದೊಡ್ಡ ತೊಡಕು ಇದು.

ತಪಾಸಣಾ ತಂಡ ಬರುವ ಮುನ್ನಾದಿನ ಆರೈಕೆ ಯೋಜನೆಯ ನಮೂನೆಗಳನ್ನು ತುಂಬಿಸುವ ಪರಿಪಾಠವಂತೂ ರೋಗಿಗೂ ಶುಶ್ರೂಷಕಿಗೂ ಮಾಡುವ ಅವಮಾನ. ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ಪಾಳಿ ಬದಲಾಗುವಾಗ ಹಾಸಿಗೆಯ ಬಳಿಯೇ ನಿಂತು, ಹಿಂದಿನ ಪಾಳಿಯ ಯೋಜನೆ ಫಲ ಕೊಟ್ಟಿತೇ ಎಂದು ಕೇಳುವ ಕಡೆ ಈ ಐದು ಹಂತಗಳ ಕ್ರಮ ಜೀವಂತವಾಗಿರುವುದನ್ನೂ ನಾನು ಕಂಡಿದ್ದೇನೆ.

ಶುಶ್ರೂಷಾ ಶಿಕ್ಷಣಕ್ಕೆ ಸಂಬಂಧಿಸಿದ 1947ರ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆಯ ಬದಲಿಗೆ 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗದ ಕಾಯ್ದೆ ಬಂದಿದೆ. ಶಿಕ್ಷಣದ ಗುಣಮಟ್ಟ ವಾರ್ಡಿನವರೆಗೂ ತಲುಪಬೇಕಾದರೆ ಆರೋಗ್ಯ ಇಲಾಖೆಯು ಖಾಲಿ ಹುದ್ದೆಗಳನ್ನು ಕಾಯಂ ನೇಮಕಾತಿಯಿಂದ ತುಂಬಬೇಕು, ದೊಡ್ಡ ವಾರ್ಡುಗಳಿಗೆ ಕಡತದ ಕೆಲಸಕ್ಕೆಂದೇ ಒಬ್ಬ ಗುಮಾಸ್ತರನ್ನು ಕೊಡಬೇಕು ಮತ್ತು ಪ್ರತಿ ಪಾಳಿಯಲ್ಲಿ ಎಷ್ಟು ರೋಗಿಗಳಿಗೆ ಎಷ್ಟು ಶುಶ್ರೂಷಕರಿದ್ದಾರೆ ಎಂಬುದನ್ನು ವಾರ್ಡಿನ ಬಾಗಿಲಲ್ಲಿ ಸಾರ್ವಜನಿಕರಿಗೆ ಕಾಣುವಂತೆ ಪ್ರಕಟಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಶುಶ್ರೂಷಾ ಬೋಧಕಿ, ಹಾಸನ