ಸ್ವಯಂಸಿದ್ಧವನ್ನು ಸಿದ್ಧ ಮಾಡಿದ್ದು ಯಾರು?

ದಾವಣಗೆರೆ

ಪುಟ್ಟಿ,

ಮೊನ್ನೆ ಫೋನಿನಲ್ಲಿ, "ಅಮ್ಮಾ, ಗಣಿತದ ಸ್ವಯಂಸಿದ್ಧಕ್ಕೆ ಸಾಧನೆ, ಅಂದ್ರೆ ಪ್ರೂಫ್, ಬೇಡ ಅಂತಾರೆ, ಹಂಗಾದ್ರೆ ಅದು ನಿಜ ಅಂತ ಹೇಳ್ದೋರು ಯಾರು?" ಅಂದೆಯಲ್ಲ. ದುರ್ಗದ ಹಾಸ್ಟೆಲ್ ಸೇರಿದ ಮೇಲೆ ನಿನ್ನ ಮಾತು ಹರಿತವಾಗಿದೆ! ಕ್ಲಾಸಿನಲ್ಲಿ ಯಾರಾದರೂ ಹೀಗೆ ಕೇಳಿದರೆ "ಅಂಗೈ ಹುಣ್ಣಿಗೆ ಕನ್ನಡಿ ಯಾಕ್ರೋ" ಅಂತ ಮುಂದಿನ ಲೆಕ್ಕಕ್ಕೆ ಹೋಗಿಬಿಡಬಹುದು. ಮಗಳಿಗೆ ಹಾಗೆ ಹೇಳಿ ಪಾರಾಗೋಕಾಗಲ್ಲ.

ನಮ್ಮ ಮಾತೇ ಸ್ವಲ್ಪ ದಾರಿ ತಪ್ಪಿಸುತ್ತೆ. ಸ್ವಯಂಸಿದ್ಧ ಅಂದಕೂಡಲೇ ತನ್ನನ್ನು ತಾನೇ ಸಾಬೀತು ಮಾಡಿಕೊಂಡಿದೆ ಅನ್ನಿಸುತ್ತೆ. ಇಂಗ್ಲಿಷಿನ 'ಆಕ್ಸಿಯಮ್' ಬಂದಿದ್ದು ಗ್ರೀಕಿನಿಂದ. ಅಲ್ಲಿ ಸಾಬೀತಿನ ಸುದ್ದಿಯೇ ಇಲ್ಲ. 'ಆಕ್ಸಿಯೋಸ್' ಅಂದರೆ ಯೋಗ್ಯ, ಬೆಲೆಯುಳ್ಳದ್ದು. ಇನ್ನೂ ಬೇರಿಗೆ ಇಳಿದರೆ ತಕ್ಕಡಿಯಲ್ಲಿ ಸರಿದೂಗುವಂಥದ್ದು. ಅದರಿಂದ ಹುಟ್ಟಿದ 'ಆಕ್ಸಿಯೋಮ'ಕ್ಕೆ ಮರ್ಯಾದೆ, ಪದವಿ ಅನ್ನೋ ಅರ್ಥವೂ ಇತ್ತು. ಒಪ್ಪಲು ಯೋಗ್ಯ ಅಂತ ಬಗೆದದ್ದು, ಅಷ್ಟೇ. ಬಗೆಯೋಕೆ ಯಾರಾದರೂ ಬೇಕಲ್ಲ? ನಿನ್ನ 'ಯಾರು' ಅಲ್ಲೇ ಕೂತಿದಾರೆ.

ಅರಿಸ್ಟಾಟಲ್ ಈ ಪದ ಬಳಸಿದ. ಕ್ರಿ.ಪೂ. 300ರ ಸುಮಾರಿನ ರೇಖಾಗಣಿತದ ಪಂಡಿತ ಯೂಕ್ಲಿಡ್ ಮಾತ್ರ ತನ್ನ ಸ್ವಯಂಸಿದ್ಧಗಳ ಪಟ್ಟಿಗೆ 'ಎಲ್ಲರಿಗೂ ಸಾಮಾನ್ಯವಾದ ತಿಳಿವಳಿಕೆ' ಅಂತ ಹೆಸರಿಟ್ಟ. ಮೊದಲನೆಯದು ನಿನಗೆ ಬಾಯಿಪಾಠ: ಒಂದೇ ವಸ್ತುವಿಗೆ ಸಮನಾದವು ಪರಸ್ಪರ ಸಮ. ಎಪಿಎಂಸಿಯಲ್ಲಿ ಮೆಕ್ಕೆಜೋಳ ತೂಗಿಸುವಾಗ ನಿಮ್ಮಜ್ಜ ಎರಡು ಚೀಲ ಎದುರುಬದುರು ಇಟ್ಟು ನೋಡ್ತಿರಲಿಲ್ಲ. ಎರಡೂ ಅದೇ ಕಲ್ಲಿಗೆ ಸರಿದೂಗಿದರೆ ಮುಗೀತು. ಅದನ್ನು ಸಾಧಿಸಿ ತೋರಿಸು ಅಂದಿದ್ದರೆ ಅಜ್ಜ ನಿನ್ನನ್ನ ಅಂಗಡಿಯಿಂದ ಆಚೆ ಕಳಿಸ್ತಿದ್ರು.

ನಮ್ಮ ನ್ಯಾಯಶಾಸ್ತ್ರದವರು, ಅಂದರೆ ಹಳೇ ಕಾಲದ ತರ್ಕದ ಪಂಡಿತರು, ಇದನ್ನು ಇನ್ನೂ ಬಿಡಿಸಿ ನೋಡಿದ್ದರು. ಅವರ ನಾಲ್ಕು ಬಗೆಯ ಸಿದ್ಧಾಂತಗಳಲ್ಲಿ 'ಸರ್ವತಂತ್ರ' ಅಂದರೆ ಯಾವ ಶಾಸ್ತ್ರವೂ ಅಲ್ಲಗಳೆಯದ್ದು. 'ಅಭ್ಯುಪಗಮ' ಅಂದರೆ ಪರೀಕ್ಷಿಸದೆಯೇ, ವಾದ ಮುಂದುವರಿಯಲಿ ಅಂತ ಸದ್ಯಕ್ಕೆ ಒಪ್ಪಿಕೊಂಡದ್ದು. ಈ ಎರಡನೆಯದು ನನಗೆ ತುಂಬಾ ಇಷ್ಟ.

ಯಾಕೆ ಅಂದರೆ, ರೇಖಾಗಣಿತಕ್ಕಾಗಿ ಸಾಧಿಸದೇ ಒಪ್ಪಿಕೊಳ್ಳಿ ಅಂತ ಯೂಕ್ಲಿಡ್ ಬೇರೆಯಾಗಿ ಬರೆದ ಐದು ಆಧಾರ ಪ್ರತಿಜ್ಞೆಗಳಲ್ಲಿ ಕೊನೆಯದು, ಸಮಾಂತರ ರೇಖೆಯದ್ದು (ಒಂದು ರೇಖೆಗೆ ಹೊರಗಿನ ಬಿಂದುವಿನಿಂದ ಒಂದೇ ಸಮಾಂತರ ರೇಖೆ ಅನ್ನೋದಕ್ಕೆ ಸಮನಾದದ್ದು), ಎರಡು ಸಾವಿರ ವರ್ಷ ಎಲ್ಲರನ್ನೂ ಕಾಡಿತು. ಉಳಿದ ನಾಲ್ಕರಿಂದ ಅದನ್ನು ಸಾಧಿಸೋಕೆ ಹೋದವರೆಲ್ಲ ಸೋತರು. ಹಂಗೇರಿಯ ಗಣಿತಜ್ಞ ಫಾರ್ಕಾಶ್ ಬೊಯಾಯಿ ಅಂಥವರಲ್ಲೊಬ್ಬ. ಮಗ ಯಾನೋಶ್ ಕೂಡ ಅದಕ್ಕೇ ಕೈ ಹಾಕಿದಾನೆ ಅಂತ ಗೊತ್ತಾದಾಗ, 1820ರಲ್ಲಿ ಆತ ಒಂದು ಕಾಗದ ಬರೆದ: ಸಮಾಂತರ ರೇಖೆಗಳ ಸಹವಾಸ ಬಿಡು, ಅದು ನನ್ನ ಬಾಳಿನ ಸುಖವನ್ನೆಲ್ಲ ತಿಂದಿದೆ ಅಂತ. ಅಪ್ಪನ ಸಂಕಟ ನನಗೆ ಅರ್ಥ ಆಗುತ್ತೆ.

ಮಗ ಕೇಳಲಿಲ್ಲ. ಆ ಪ್ರತಿಜ್ಞೆಯನ್ನು ಒಪ್ಪದೇ ಹೋದರೆ ಏನಾಗುತ್ತೆ ಅಂತ ನೋಡಿದ. ಒಂದು ರೇಖೆಗೆ ಹೊರಗಿನ ಬಿಂದುವಿನಿಂದ ಒಂದಕ್ಕಿಂತ ಹೆಚ್ಚು ಸಮಾಂತರ ರೇಖೆಗಳಿರುವ, ಎಲ್ಲೂ ವಿರೋಧ ಕಾಣದ ಬೇರೆಯದೇ ರೇಖಾಗಣಿತ ಸಿಕ್ಕಿತು. ಅಂದರೆ ಆ ಪ್ರತಿಜ್ಞೆ ಒಂದು ಅಭ್ಯುಪಗಮ, ಒಪ್ಪಿಕೊಂಡದ್ದು ಅಷ್ಟೇ. ರಷ್ಯಾದ ಲೊಬಾಚೆವ್‌ಸ್ಕಿ 1829ರಲ್ಲೇ ಇಂಥದ್ದನ್ನು ಅಚ್ಚು ಹಾಕಿಸಿದ್ದ. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಯಾನೋಶನ ಬರಹ 1832ರಲ್ಲಿ ಬಂತು, ಬೇಡ ಅಂದಿದ್ದ ಅಪ್ಪನದೇ ಪುಸ್ತಕಕ್ಕೆ ಅನುಬಂಧವಾಗಿ!

ನಾನಂತೂ ನಿನಗೆ ಬೇಡ ಅನ್ನಲ್ಲ. ಆದರೆ ಪರೀಕ್ಷೆಯಲ್ಲಿ ಪುಸ್ತಕದಲ್ಲಿ ಇರೋದನ್ನೇ ಬರಿ, ಮೌಲ್ಯಮಾಪನ ಮಾಡೋರಿಗೆ ಪುರುಸೊತ್ತು ಇರಲ್ಲ. ಚಟ್ನಿಪುಡಿ ಡಬ್ಬಿ ವಾಪಸ್ ಕಳಿಸು.

ನಿನ್ನ ಅಮ್ಮ