ಕುಸುಗು ಬಾವಿಯ ರಾಣಿ ಎಲ್ಲಿ?

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ನೈಜೀರಿಯಾದ ಕುಸುಗು ಬಾವಿಯ ಕಥೆ ನೋಡಿ ಹಿಗ್ಗಿದೆ. ಓದಿ ಮುಗಿಸಿದ ಮೇಲೆ ಬೇಸರವಾಯಿತು. ಬಾಗ್ದಾದಿನಿಂದ ಬಂದ ಬಯಾಜಿದ್ದ ಬಾವಿಯ ಹಾವು ಕೊಂದ, ರಾಣಿಯನ್ನು ಮದುವೆಯಾದ. ಇಷ್ಟಕ್ಕೇ ಲೇಖನ ನಿಂತಿದೆ.

1981ರಿಂದ ನಾಲ್ಕು ವರ್ಷ ನಾನು ಉತ್ತರ ನೈಜೀರಿಯಾದ ಕಾಟ್ಸಿನಾದಲ್ಲಿ ಗಣಿತದ ಮೇಷ್ಟ್ರಾಗಿದ್ದೆ. ಆಗ ಭಾರತದಿಂದ ಅಲ್ಲಿಗೆ ಹೋದ ಮೇಷ್ಟ್ರುಗಳು ಬಹಳ ಮಂದಿ. ಒಂದು ಜನವರಿಯಲ್ಲಿ, ಹರ್ಮಟ್ಟಾನ್ ಗಾಳಿಗೆ ಊರೆಲ್ಲ ದೂಳು ಮುಸುಕಿದ್ದಾಗ, ಮಕ್ಕಳನ್ನು ಕರೆದುಕೊಂಡು ಈ ಬಾವಿ ಇರುವ ದೌರಾ ಊರಿಗೆ ಹೋದೆ. ಬಾವಿ ಕಾಯುವ ಮುದುಕ ಗುಗಾ ಇಳಿಬಿಟ್ಟ. ಗುಗಾ ಎಂದರೆ ಹಗ್ಗ ಕಟ್ಟಿ ನೀರು ಸೇದುವ ರಬ್ಬರಿನ ಚೀಲ. ಹಗ್ಗ ಬಿಗಿಯಾದ ಕೂಡಲೇ ಪಕ್ಕದಲ್ಲಿದ್ದ ಹುಡುಗ ನನ್ನ ತೋಳು ಹಿಡಿದು, "ಮಾಲಂ, ಸರ್ಕಿ ಬಂದ" ಎಂದು ಪಿಸುಗುಟ್ಟಿದ. ಮಾಲಂ ಎಂದರೆ ಮೇಷ್ಟ್ರು. ಸರ್ಕಿ ಆ ಹಾವಿನ ಹೆಸರು, ಹೌಸಾ ಭಾಷೆಯಲ್ಲಿ ಅದಕ್ಕೆ ದೊರೆ ಎಂದೇ ಅರ್ಥ. ಆ ದೊರೆ ನೀರು ಬಿಡುತ್ತಿದ್ದುದು ಶುಕ್ರವಾರ ಮಾತ್ರ. ಬಾವಿ ಯಾರ ಹಿಡಿತದಲ್ಲೋ ಊರೂ ಅವರದೇ ಎಂಬುದು ಆ ಹೆಸರಿನಲ್ಲೇ ಇದೆ.

ಆದರೆ ಊರನ್ನು ಆಳುತ್ತಿದ್ದವರು ರಾಣಿಯರು. ಆ ಸಾಲಿನ ಕೊನೆಯವಳು ದೌರಮಾ. ಹಾವು ಕೊಂದ ರಾತ್ರಿ ಬಯಾಜಿದ್ದನಿಗೆ ಮನೆಯಲ್ಲಿ ಜಾಗ ಕೊಟ್ಟವಳು ಆಯಾನಾ ಎಂಬ ಅಜ್ಜಿ. ಬೆಳಗಾಗುತ್ತಲೇ ಹಾವು ಕೊಂದದ್ದು ನಾನು, ನಾನು ಎಂದು ಹಲವರು ಬಂದಾಗ ನಿಜ ಹೇಳಿದವಳೂ ಅವಳೇ. ರಾಣಿ ಅರ್ಧ ಊರು ಕೊಡುತ್ತೇನೆ ಎಂದಳು, ಅವನು ರಾಣಿಯನ್ನೇ ಕೇಳಿದ. ಮುಂದೆ ಅವನ ಉಪಪತ್ನಿಯ ಮಗನಿಗೆ ಬಂದ ಹೆಸರು ಕರಪ್ ದಾ ಗರಿ, ಅಂದರೆ ಊರು ಕಿತ್ತುಕೊಂಡವ. ದೌರಮಾ ತನ್ನ ಮಗನನ್ನು ಬಾವೊ ಎಂದು ಕರೆದಳು, ಅಂದರೆ ವಾಪಸ್ ಕೊಡು! ಕಾನೊ, ಕಾಟ್ಸಿನಾ, ಜಾರಿಯಾ ಮುಂತಾದ ಏಳು ಹೌಸಾ ರಾಜ್ಯಗಳು ತಮ್ಮ ಮೂಲ ಹೇಳಿಕೊಳ್ಳುವುದು ಇದೇ ಕಥೆಯಿಂದ. ಹೆಣ್ಣಿನ ಕೈಯಲ್ಲಿದ್ದ ಆಳ್ವಿಕೆ ಗಂಡಿನ ಕೈಗೆ ಹೋದ ನೆನಪು ಇದರಲ್ಲಿದೆ ಎಂದು ಹಲವು ಇತಿಹಾಸಕಾರರು ಹೇಳುತ್ತಾರೆ. ರಾಣಿಯರ ಮಗಾಜಿಯಾ ಎಂಬ ಬಿರುದು ದೌರಾದ ಅರಮನೆಯಲ್ಲಿ ಈಗಲೂ ಹೆಣ್ಣಿಗೇ ಸಲ್ಲುತ್ತದೆ.

ನಿಮ್ಮ ಲೇಖನದಲ್ಲಿ ಹಾವು ಕೊಂದ ಕತ್ತಿಗೆ ಒಂದಿಡೀ ಪ್ಯಾರಾ ಸಿಕ್ಕಿದೆ. ದೌರಮಾಳ ಹೆಸರೇ ಇಲ್ಲ, ಆಯಾನಾ ಬರುವುದೇ ಇಲ್ಲ. ದಯವಿಟ್ಟು ಮುಂದಿನ ವಾರ ನಾಲ್ಕು ಸಾಲಾದರೂ ಸೇರಿಸಿ ಈ ಇಬ್ಬರ ಹೆಸರನ್ನು ಅಚ್ಚು ಹಾಕಿ.

ನಿವೃತ್ತ ಗಣಿತ ಶಿಕ್ಷಕ, ತುಮಕೂರು